ಐದು ನನಗೆ, ಐದು ನಾದಿನಿಗೆ

ನಮ್ಮ ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ಸಾಲಿನಲ್ಲಿ ಮೂವತ್ತು ಹೆಂಗಸರಿಗೆ ಶೌಚಾಲಯಕ್ಕೆ ಹೋಗುವ ಬಿಲ್ಲೆ ಒಂದೇ. ಒಬ್ಬಳು ಒಯ್ದರೆ ಅವಳು ಬರುವವರೆಗೆ ಉಳಿದವರು ತಡೆದುಕೊಳ್ಳಬೇಕು. ಬಿಲ್ಲೆ ಕೊಡುವಾಗ ಮೇಲ್ವಿಚಾರಕ ಮುಖ ಸಿಂಡರಿಸುವುದನ್ನು ನೋಡುವ ಕರ್ಮ ಬೇಡವೆಂದು ನಾವು ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. ನಮ್ಮಂಥ ಜಾಣೆಯರು ಇನ್ನೆಲ್ಲಿ ಸಿಗಬೇಕು.

ನನಗೆ ಉರಿಮೂತ್ರ ಶುರುವಾಯಿತು. ಹೋಗಿ ಬಂದರೂ ಮತ್ತೆ ಹೋಗಬೇಕು, ಹೋದರೆ ನಾಲ್ಕು ಹನಿ, ಅದೂ ಬೆಂಕಿ. ಕೂತಲ್ಲಿ ಕೂರಲಾಗದೆ ಒದ್ದಾಡಿದೆ. ವೈದ್ಯರು ಮೂತ್ರನಾಳದ ಸೋಂಕು ಎಂದು ಐದು ದಿನಕ್ಕೆ ಹತ್ತು ಮಾತ್ರೆ ಕೊಟ್ಟು, ಒಂದನ್ನೂ ಬಿಡಬೇಡಿ ಎಂದು ಒತ್ತಿ ಹೇಳಿದರು. ಐದು ನುಂಗುವಷ್ಟರಲ್ಲಿ ಉರಿ ತಗ್ಗಿತು. ಅದೇ ಹೊತ್ತಿಗೆ ಪಕ್ಕದ ಯಂತ್ರದಲ್ಲಿ ತೋಳು ಹೊಲಿಯುವ ನನ್ನ ನಾದಿನಿ, ತನಗೂ ಹಾಗೇ ಆಗುತ್ತಿದೆ ಎಂದು ಕಿವಿಯಲ್ಲಿ ಹೇಳಿದಳು. ನಮ್ಮ ಸಾಲಿನಲ್ಲಿ ದಾರ, ಸೂಜಿ, ಊಟ, ತಲೆನೋವಿನ ಗುಳಿಗೆ ಎಲ್ಲವೂ ಹಂಚಿಕೆ. ಉಳಿದ ಐದನ್ನು ಅವಳ ಕೈಗೆ ಹಾಕಿದೆ. ಅವಳು ಆಗ ಐದು ತಿಂಗಳ ಬಸುರಿ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಎಂಟು ದಿನದ ಮೇಲೆ ಒಂದು ಮಧ್ಯಾಹ್ನ ಅವಳು ಯಂತ್ರದ ಮೇಲೇ ತಲೆಯಿಟ್ಟಳು. ಮೈ ಕೆಂಡ, ನಡುಕ ಬೇರೆ. ಬೆನ್ನಿನ ಒಂದು ಪಕ್ಕ ಮುಟ್ಟಗೊಡಲಿಲ್ಲ. ಆಸ್ಪತ್ರೆಯ ವೈದ್ಯೆ, ಸೋಂಕು ಮೂತ್ರಪಿಂಡಕ್ಕೆ ಏರಿದೆ, ಹೀಗೇ ಬಿಟ್ಟರೆ ಹೆರಿಗೆ ನೋವು ಈಗಲೇ ಬರಬಹುದು ಎಂದರು. ಐದು ತಿಂಗಳ ಮಗು ಹೊರಗೆ ಬಂದರೆ ಉಳಿಯದು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಲೆದೆ. ದಾದಿ ಎರಡು ಸಲ ಕೂರಲು ಹೇಳಿದಳು.

ಮೊದಲೇನಾದರೂ ಮಾತ್ರೆ ತೆಗೆದುಕೊಂಡಿದ್ದಿರಾ ಎಂದು ವೈದ್ಯೆ ಕೇಳಿದರು. ನಾದಿನಿ ಇಲ್ಲವೆಂದಳು. ನನ್ನ ಕಡೆ ತಿರುಗಲೂ ಇಲ್ಲ. ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆಂದು ತಿಳಿಯಿತು. ವಿಷಯ ಅತ್ತೆಯ ಕಿವಿಗೆ ಬಿದ್ದರೆ ಆ ಮನೆಯಲ್ಲಿ ನಾನು ತಲೆಯೆತ್ತುವಂತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ತಗೊಂಡಿದಾಳೆ. ನಾನೇ ಕೊಟ್ಟೆ, ನಂದ್ರಲ್ಲಿ ಅರ್ಧ," ಎಂದೆ.

ಕೈಚೀಲದಲ್ಲಿದ್ದ ಔಷಧಿಯ ಚೀಟಿಯನ್ನೂ ಕೊಟ್ಟೆ. ವೈದ್ಯೆ ಬಯ್ಯಲಿಲ್ಲ, ಅದೇ ಹೆಚ್ಚು ಉರಿಯಿತು. ಅರ್ಧ ಮದ್ದಿಗೆ ಎಲ್ಲ ಕ್ರಿಮಿ ಸಾಯುವುದಿಲ್ಲ, ಬದುಕಿದವು ಈ ಮದ್ದಿಗೆ ಬಗ್ಗದಿರಬಹುದು ಎಂದರು. ಮೂತ್ರದ ಪರೀಕ್ಷೆಯ ವರದಿ ಬರುವವರೆಗೆ ಬೇರೆ ಔಷಧವನ್ನು ನರಕ್ಕೆ ಹಾಕಿಸಿದರು. ಆಮೇಲೆ ಹೊಟ್ಟೆಯ ಮೇಲೆ ಯಂತ್ರವಿಟ್ಟರು. ದಬದಬ ಎಂದು ಮಗುವಿನ ಎದೆಬಡಿತ ಕೇಳಿತು. ಅಪಾಯ ಇನ್ನೂ ಮುಗಿದಿಲ್ಲ, ಎರಡು ದಿನ ಕಾಯಬೇಕು ಎಂದರು.

ಹೊರಡುವ ಮುನ್ನ ನನ್ನತ್ತ ತಿರುಗಿದರು. "ಇನ್ನರ್ಧ ನುಂಗಿದ್ದು ನೀವಲ್ವಾ? ನಿಮಗೆ ಹೇಗಿದೆ?"

ಉರಿ ಮರಳಿ ನಾಲ್ಕು ದಿನವಾಗಿತ್ತು. ಗಂಡನಿಗೂ ಹೇಳಿರಲಿಲ್ಲ. "ನಂಗೂ ವಾಸಿಯಾಗಿಲ್ಲ," ಎಂದೆ. ವೈದ್ಯೆ ಪರೀಕ್ಷೆಗೆಂದು ನನಗೂ ಒಂದು ಡಬ್ಬಿ ಕೊಟ್ಟರು.

ನಾದಿನಿ ಆಗ ನನ್ನನ್ನು ನೋಡಿದಳು.

"ನಿಮ್ಗೇ ಬೇಕಿತ್ತಲ್ಲ ಅತ್ತಿಗೆ. ನಂಗ್ಯಾಕೆ ಕೊಟ್ರಿ?"