ವೇಷದ ಪೆಟ್ಟಿಗೆಗಳಿದ್ದ ಮನೆ

ಕಳಸದ ಪರಮೇಶ್ವರ ಮಾಷ್ಟ್ರ ಮನೆಗೆ ಯಕ್ಷಗಾನ ಸಂಘದ ವೇಷದ ಪೆಟ್ಟಿಗೆಗಳು ಬಂದದ್ದು ಒಂದೇ ಒಂದು ವಾರದ ಮಟ್ಟಿಗೆ. ಸಂಘದ ಅಧ್ಯಕ್ಷ ಮಂಜಯ್ಯನವರು ತಮ್ಮ ಮನೆಗೆ ಹೊಸ ಗಾರೆ ಹಾಕಿಸುತ್ತಿದ್ದರು. ಗಾರೆ ಒಣಗಿದ ಕೂಡಲೇ ಒಯ್ಯುತ್ತೇನೆ ಅಂದಿದ್ದರು. ಗಾರೆ ಒಣಗಿತು, ಬಿರುಕು ಬಿಟ್ಟಿತು, ಮತ್ತೊಮ್ಮೆ ಹಾಕಿಸಿದ್ದೂ ಆಯಿತು. ಪೆಟ್ಟಿಗೆಗಳು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಆಗ ಅಂಗನವಾಡಿಗೆ ಹೋಗುತ್ತಿದ್ದ ಮಾಷ್ಟ್ರ ಮಗಳು ಇಂಚರಾ ಈಗ ಮೂಡಿಗೆರೆಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು.

ಎರಡು ಕೋಣೆಯ ಮನೆ ಮಾರಾಯ್ರೆ, ಅರಮನೆಯಲ್ಲ. ರಾಕ್ಷಸನ ಸಾಮಾನು ಮಂಚದ ಕೆಳಗೆ. ರಾಜನ ಕಿರೀಟಗಳು ಬಟ್ಟೆ ಇಡಬೇಕಾದ ಗೂಡಿನಲ್ಲಿ. ಮನೆಯವರ ಬಟ್ಟೆ ಹಗ್ಗದ ಮೇಲೆ. ಋಷಿಗಳ ಗಡ್ಡ ಅಕ್ಕಿ ಡಬ್ಬದ ಪಕ್ಕ ನೇತಾಡುತ್ತಿತ್ತು, ನೆಂಟರು ಬಂದರೆ ಬೆಚ್ಚಿಬೀಳುತ್ತಿದ್ದರು. ಇಷ್ಟನ್ನೂ ಅಚ್ಚುಕಟ್ಟು ಮಾಡಿದವಳು ಮಾಷ್ಟ್ರ ಹೆಂಡತಿ ತುಂಗಾ. ಒಂದೊಂದು ವೇಷಕ್ಕೂ ಹಳೇ ಸೀರೆಯ ಚೀಲ ಹೊಲಿದಳು. ಚೀಲದ ಮೇಲೆ ವೇಷದ ಹೆಸರನ್ನು ದಾರದಲ್ಲೇ ಬರೆದಳು. ಮಳೆಗಾಲದಲ್ಲಿ ಮಖಮಲ್ಲಿಗೆ ಬೂಷ್ಟು ಹಿಡಿಯದ ಹಾಗೆ ಒಲೆಯ ಮೇಲಿನ ಅಟ್ಟದಲ್ಲಿ ಸರದಿಯ ಮೇಲೆ ಬೆಚ್ಚಗಿಟ್ಟಳು, ಲವಂಗದ ಪೊಟ್ಟಣ ಸಿಕ್ಕಿಸಿದಳು. ಅವಳು ಕೆಟ್ಟದ್ದೇ ಅಲ್ಲಿ. ಮೊದಲ ವರ್ಷವೇ ಒಂದೆರಡು ಕಿರೀಟ ಇಲಿ ತಿಂದಿದ್ದರೆ ಮಂಜಯ್ಯನವರು ಎಲ್ಲವನ್ನೂ ಎತ್ತಿಕೊಂಡು ಹೋಗುತ್ತಿದ್ದರೋ ಏನೋ. ಒಂದು ಹುಳವೂ ಬೀಳಲಿಲ್ಲ.

ಪೆಟ್ಟಿಗೆಗಳ ಜೊತೆ ಚೌಕಿಯ ಗಣಪತಿಯೂ ಬಂದಿದ್ದ. ಆಟಕ್ಕೆ ಮೊದಲು, ಬಣ್ಣ ಹಚ್ಚುವ ಜಾಗದಲ್ಲಿ ಪೂಜೆ ಮಾಡುವ ಗಣಪತಿ ಅದು. ದಿನಾ ಸಂಜೆ ಅವನ ಮುಂದೆ ದೀಪ ಉರಿಯಬೇಕು, ವೇಷವಿರುವ ಮನೆಗೆ ಬೀಗ ಬೀಳಬಾರದು ಅನ್ನುವುದು ಸಂಘದ ಕಟ್ಟಳೆ. ಮಾಷ್ಟ್ರೇ ದೀಪ ಹಚ್ಚಬಹುದಿತ್ತಲ್ಲ ಅಂತ ಕೇಳುತ್ತೀರಿ. ಚೆನ್ನಾಗಿ ಕೇಳಿದಿರಿ! ಸಂಜೆಯಾದರೆ ಅವರು ಅರ್ಥಗಾರಿಕೆ, ತಾಲೀಮು ಅಂತ ಸಂಘದಲ್ಲೇ. ತುಂಗಾ ತಮ್ಮನ ಮದುವೆಗೆ ಹೋದವಳು ಧಾರೆ ಮುಗಿದದ್ದೇ ಊಟವನ್ನೂ ಮಾಡದೆ ಮಧ್ಯಾಹ್ನದ ಬಸ್ಸು ಹತ್ತಿ ವಾಪಸು ಬಂದಿದ್ದಳು. ಆ ಸಿಟ್ಟು ಅವಳಿಗೆ ಇವತ್ತಿಗೂ ಇಳಿದಿಲ್ಲ.

ಹೀಗಿರುವಾಗ ಆ ವರ್ಷದ ಬೇಸಗೆಯಲ್ಲಿ ಒಂದು ಬಾಗಿಲು ತೆರೆಯಿತು. ಮೂಡಿಗೆರೆಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುವ ವಸಂತಮ್ಮ, ಜೂನಿನಿಂದ ಹೊಲಿಗೆ ಟೀಚರಾಗಿ ಬನ್ನಿ ಅಂತ ತುಂಗಾಳನ್ನು ಕರೆದರು. ಉಳಿಯಲಿಕ್ಕೆ ಕೋಣೆ ಕೊಡುತ್ತೇವೆ, ಮಗಳನ್ನೂ ಜೊತೆಗಿಟ್ಟುಕೊಳ್ಳಿ ಅಂದರು. ತುಂಗಾಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಾಷ್ಟ್ರು ಕೆಟ್ಟವರಲ್ಲ, ಬೇಡ ಅನ್ನಲಿಲ್ಲ. ಶನಿವಾರ ಶನಿವಾರ ಬಂದರಾಯಿತು, ಆದರೆ ಪೆಟ್ಟಿಗೆಗಳಿಗೆ ಒಂದು ವ್ಯವಸ್ಥೆ ಆಗಲಿ ಅಂದರು.

ತುಂಗಾ ಮಂಜಯ್ಯನವರ ಮನೆಗೇ ಹೋಗಿ ಎಲ್ಲ ಬಿಡಿಸಿ ಹೇಳಿದಳು. ಅವರು ಕಾಫಿ ಕೊಡಿಸಿದರು, ತಲೆಯಾಡಿಸಿದರು. ಮೇ ತಿಂಗಳಲ್ಲಿ ಸಂಘದ ಬೆಳ್ಳಿಹಬ್ಬ ಇದೆಯಲ್ಲ, ಅವತ್ತು ಎಲ್ಲರೆದುರೇ ವ್ಯವಸ್ಥೆ ಮಾಡಿಬಿಡೋಣ, ನೀವು ನಿಶ್ಚಿಂತೆಯಿಂದಿರಿ ಅಂದರು. ಪಾಪದ ಹೆಂಗಸು, ನಂಬಿದಳು. ನಂಬಿದ್ದು ಸಾಲದೆ ವಸಂತಮ್ಮನವರನ್ನೂ ಹಬ್ಬಕ್ಕೆ ಕರೆದಳು. ತಾನು ಬಿಡುಗಡೆಯಾಗುವುದನ್ನು ಅವರು ಕಣ್ಣಾರೆ ನೋಡಲಿ ಅನ್ನುವ ಆಸೆ ಅವಳದು.

ಬೆಳ್ಳಿಹಬ್ಬದ ಸಂಜೆ ಸಭಾಭವನ ತುಂಬಿತ್ತು. ಭಾಷಣಗಳು ಮುಗಿದ ಮೇಲೆ ಮಂಜಯ್ಯನವರು ತುಂಗಾಳನ್ನು ವೇದಿಕೆಗೆ ಕರೆದರು. ಕುರ್ಚಿಯಲ್ಲಿ ಕೂರಿಸಿ ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಮಡಿಲಿಗಿಟ್ಟರು. ಪರದೆಯ ಹಿಂದಿನಿಂದ ನಾಲ್ಕು ಜನ ಒಂದು ದೊಡ್ಡ ಕಬ್ಬಿಣದ ಬೀರುವನ್ನು ಹೊತ್ತು ತಂದು ನಿಲ್ಲಿಸಿದರು. ಅದರ ಹಿಡಿಕೆಗೂ ಹೂವಿನ ಹಾರ! ವೇಷಗಳಿಗೆ ಜಾಗ ಸಾಲುತ್ತಿಲ್ಲ ಅನ್ನುವ ತುಂಗಮ್ಮನವರ ಕಷ್ಟ ಸಂಘಕ್ಕೆ ಅರ್ಥವಾಗಿದೆ ಅಂದರು ಮಂಜಯ್ಯ. ಗೋಣಿಬೀಡಿನ ತಂಡ ನಿಂತುಹೋಗಿರುವುದರಿಂದ ಅವರ ವೇಷಗಳೂ ಇನ್ನು ಮುಂದೆ ಈ ತಾಯಿಯ ಕೈಯಲ್ಲೇ ಬಾಳುತ್ತವೆ ಅಂತಲೂ ಸಾರಿದರು. ಚಪ್ಪಾಳೆಯೋ ಚಪ್ಪಾಳೆ. ಕೆಳಗೆ ಮೊದಲ ಸಾಲಿನಲ್ಲಿ ಮಾಷ್ಟ್ರ ಮುಖ ಹೆಮ್ಮೆಯಿಂದ ಅರಳಿತ್ತು.

ತುಂಗಾಳ ಮೈಯೆಲ್ಲ ಉರಿಯಿತು. ಎರಡು ಮಾತು ಆಡಿ ಅಂತ ಮೈಕು ಕೊಟ್ಟರು. ಜನ್ಮದಲ್ಲಿ ಮೈಕು ಹಿಡಿಯದವಳು ಎದ್ದು ನಿಂತಳು.

"ನಂಗೆ ಈ ಬೀರು ಬೇಡ. ಆ ಪೆಟ್ಟಿಗೆಗಳನ್ನ ನಮ್ಮನೆಯಿಂದ ತಗೊಂಡು ಹೋಗಿ. ನಂಗೆ ಮೂಡಿಗೆರೆಗೆ ಹೋಗ್ಬೇಕು, ಮಗಳ ಜೊತೆ ಇರ್ಬೇಕು."

ಮಾಷ್ಟ್ರು ತಲೆ ತಗ್ಗಿಸಿದರು. ಇಪ್ಪತ್ತೈದು ವರ್ಷ ರಂಗಸ್ಥಳದಲ್ಲಿ ಹಾಸ್ಯ ಮಾಡಿದ ಮಂಜಯ್ಯನವರು ಅಷ್ಟಕ್ಕೆಲ್ಲ ಸೋಲುವ ಆಸಾಮಿಯಲ್ಲ. ಮೈಕನ್ನು ಮೆಲ್ಲಗೆ ಈಸಿಕೊಂಡರು.

"ಕೇಳಿದ್ರಲ್ಲ, ತಾಯಿ ಕರುಳು! ಮಗಳನ್ನ ನೋಡ್ಕೊಂಡು ಬನ್ನಿ ತುಂಗಮ್ಮ, ಬಸ್ಸಿನ ಟಿಕೇಟು ಸಂಘದ್ದು. ಸಂಜೆ ದೀಪದ ಹೊತ್ತಿಗೆ ಬಂದ್ಬಿಡಿ, ಅಷ್ಟೇ."

ಸಭೆ ಗೊಳ್ಳೆಂದು ನಕ್ಕಿತು. ಆಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳು ಮತ್ತೆ ಏನೋ ಹೇಳಿದಳು, ಮೈಕಿಲ್ಲದ ಮಾತು ಯಾರಿಗೆ ಕೇಳಬೇಕು. ಕಣ್ಣಲ್ಲಿ ನೀರು ತುಂಬಿತು. ಆನಂದಬಾಷ್ಪ ಅಂತ ಹಿಂದಿನ ಸಾಲಿನಲ್ಲಿ ಯಾರೋ ಹೇಳಿದರು.

ವೇದಿಕೆ ಇಳಿದವಳೇ ವಸಂತಮ್ಮನವರ ಹತ್ತಿರ ಓಡಿದಳು. ಇವರಾದರೂ ತನ್ನ ಮಾತನ್ನು ಮಾತಾಗಿ ಕೇಳಿದ್ದಾರು ಅನ್ನುವುದೊಂದೇ ಉಳಿದಿತ್ತು. ವಸಂತಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. ತುಂಗಾಳ ಎರಡೂ ಕೈ ಹಿಡಿದುಕೊಂಡರು.

"ಊರಿಗೆ ಊರೇ ನಿಮ್ಮನ್ನ ಇಷ್ಟು ನೆಚ್ಚಿಕೊಂಡಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣ್ರೀ. ಇಂಥ ಕಡೆಯಿಂದ ನಿಮ್ಮನ್ನ ಎಬ್ಬಿಸಿದ್ರೆ ನಂಗೆ ಪಾಪ ಸುತ್ತಿಕೊಳ್ಳುತ್ತೆ. ಹೊಲಿಗೆಗೆ ನಾನು ಬೇರೆ ಯಾರನ್ನಾದ್ರೂ ನೋಡ್ಕೋತೀನಿ."

"ಇಲ್ಲ ಮೇಡಂ, ನಾನು ಬರ್ತೀನಿ," ಅಂದಳು ತುಂಗಾ. "ಜೂನ್ ಒಂದಕ್ಕೇ ಬರ್ತೀನಿ."

"ನಿಮ್ಮದು ದೊಡ್ಡ ಮನಸ್ಸು," ಅಂತ ವಸಂತಮ್ಮ ಅವಳ ಕೆನ್ನೆ ತಟ್ಟಿ, ಜೀಪು ಕಾಯುತ್ತಿದೆ ಅಂತ ಹೊರಟೇಬಿಟ್ಟರು.

ಆಟ ಶುರುವಾಗುವ ಮೊದಲೇ ಬೀರುವನ್ನು ಮನೆಗೆ ಮುಟ್ಟಿಸಬೇಕು ಅಂತ ಹುಡುಗರು ಅವಸರ ಮಾಡಿದರು. ತುಂಗಾ ಶಾಲು ಹೊದ್ದುಕೊಂಡೇ ಮುಂದೆ ಹೋಗಿ ಬಾಗಿಲು ತೆಗೆದಳು. ಬೀರು ಹೊಸ್ತಿಲಲ್ಲಿ ಸಿಕ್ಕಿಕೊಂಡಿತು. ಅತ್ತ ದಬ್ಬಿದರು, ಇತ್ತ ಎಳೆದರು, ಬಾಗಿಲ ಚೌಕಟ್ಟು ಕೆತ್ತಿಹೋಯಿತು. ಒಳಗೆ ಹೋಗುವುದೇ ಇಲ್ಲ, ವಾಪಸು ಒಯ್ಯೋಣವಾ ಅಂತ ಒಬ್ಬ ಕೇಳಿದ. ಮಾಷ್ಟ್ರು ಹೆಂಡತಿಯ ಮುಖ ನೋಡಿದರು. ನಾಲ್ಕು ಹುಡುಗರೂ ಬೆವರು ಸುರಿಸುತ್ತ ಅವಳನ್ನೇ ನೋಡಿದರು.

ತುಂಗಾ ಬಾಗಿ ಚೌಕಟ್ಟಿನ ಅಗಲ ನೋಡಿದಳು.

"ಕಾಲಿನ ಕಡೆ ಎತ್ತಿ, ಓರೆ ಮಾಡಿ," ಅಂದಳು. "ಒಳಗೆ ಬರುತ್ತೆ."