ಬೇಡವೆಂದವಳು

ನಿಸರ್ಗ ಚೊಚ್ಚಲ ಹೆರಿಗೆಗೆ ದುದ್ದದ ಗಂಡನ ಮನೆಯಿಂದ ಕೊಣನೂರಿನ ತವರಿಗೆ ಬಂದಿದ್ದಳು. ಹಾಸನದ ನರ್ಸಿಂಗ್ ಹೋಮೊಂದರಲ್ಲಿ ಬುಧವಾರಗಳಂದು ಬಸುರಿಯರಿಗೆ ತಿಳಿವಳಿಕೆ ಕೊಡುತ್ತಾರೆಂದು ಕೇಳಿ, ತಾಯಿ ಲಕ್ಕಮ್ಮನನ್ನೂ ಕರೆದುಕೊಂಡು ಹೋದಳು.

ಹೆರಿಗೆ ನೋವನ್ನು ಹೇಗೆಲ್ಲ ಕಡಿಮೆ ಮಾಡಬಹುದೆಂದು ಸಿಸ್ಟರ್ ನಾಗಲಕ್ಷ್ಮಿ ಬಿಡಿಸಿ ಹೇಳಿದರು. ಉಸಿರಾಟ, ಓಡಾಟ, ಸೊಂಟಕ್ಕೆ ಬಿಸಿನೀರಿನ ಶಾಖ, ಕೊನೆಗೆ ಬೆನ್ನಿಗೆ ಕೊಡುವ ಇಂಜೆಕ್ಷನ್.

"ಎಚ್ಚರ ಇರುತ್ತೆ, ನೋವು ತುಂಬಾ ಕಮ್ಮಿಯಾಗುತ್ತೆ. ಕೆಲವರಿಗೆ ಬಿಪಿ ಇಳಿಯುತ್ತೆ, ತಲೆನೋವು ಬರುತ್ತೆ. ಅದಕ್ಕೇ ಮೊದಲೇ ಪರೀಕ್ಷೆ ಮಾಡ್ತೀವಿ."

"ನೋವು ತಡ್ಕೊಳಕ್ಕೆ ಆಗಲ್ಲ ಅನ್ನೋದು ನಾಚ್ಕೆನಾ ಸಿಸ್ಟರ್?" ನಿಸರ್ಗ ಕೇಳಿದಳು.

"ಹಲ್ಲು ಕೀಳಿಸೋವಾಗ ಇಂಜೆಕ್ಷನ್ ಬೇಡ ಅಂತೀರಾ?"

ಎಲ್ಲರೂ ನಕ್ಕರು. ಲಕ್ಕಮ್ಮ ನಗಲಿಲ್ಲ.

ನಿಸರ್ಗ ಆ ದಿನವೇ ತನಗೆ ಇಂಜೆಕ್ಷನ್ ಬೇಕೆಂದು ಹೇಳಿದಳು. ರಕ್ತ, ಬೆನ್ನು ಪರೀಕ್ಷಿಸಿದ ಡಾಕ್ಟರು ಕೊಡಬಹುದೆಂದರು.

ಒಂದು ಮುಂಜಾನೆ ನೋವು ಶುರುವಾಯಿತು. ಆಸ್ಪತ್ರೆ ಸೇರುವಷ್ಟರಲ್ಲಿ ಎಂಟಾಗಿತ್ತು. ನಾಗಲಕ್ಷ್ಮಿಗೆ ಅಂದು ರಜೆ. ಡ್ಯೂಟಿಯಲ್ಲಿದ್ದ ನರ್ಸ್ ಇಂಜೆಕ್ಷನ್ನಿನ ಒಪ್ಪಿಗೆ ಕಾಗದ ಹಿಡಿದು ಬಾಗಿಲಿಗೆ ಬಂದಾಗ ಲಕ್ಕಮ್ಮ ಎದ್ದು ಹೋದಳು.

"ಬ್ಯಾಡ ಅಂದವ್ಳೆ ನನ್ ಮಗಳು. ಮನ್ಸು ಬದಲಾಯಿಸ್ಕಂಡವ್ಳೆ."

ನರ್ಸ್ ಒಳಗೆ ಬಂದು ನಿಸರ್ಗಳನ್ನು ಕೇಳಲಿಲ್ಲ.

ಹತ್ತರ ಹೊತ್ತಿಗೆ ನಿಸರ್ಗ ಮಂಚದ ಕಂಬಿ ಹಿಡಿದು ನಡುಗುತ್ತಿದ್ದಳು. "ಅವ್ವಾ, ಇಂಜೆಕ್ಷನ್ ಕೊಡೋ ಡಾಕ್ಟ್ರು ಎಲ್ಲಿ?"

ಲಕ್ಕಮ್ಮ ಮಗಳ ತಲೆ ಸವರಿದಳು. "ಬೆಂಗ್ಳೂರ್ಗೆ ಓಗವ್ರಂತೆ ಕಣವ್ವ. ಬತ್ತಾರೆ."

ಮಧ್ಯಾಹ್ನ ಮತ್ತೆ ಕೇಳಿದಳು. ಮೂರಕ್ಕೆ ಕೇಳಿದಳು. ಆಮೇಲೆ ಕೇಳಲು ದನಿಯಿರಲಿಲ್ಲ. ತುಟಿ ಕಚ್ಚಿ ರಕ್ತ ಬಂತು. ಪ್ರತಿ ಸಲವೂ ತಾಯಿ ಹಣೆ ಒರೆಸಿ ಅದೇ ಮಾತು ಹೇಳಿದಳು. ಸಂಜೆ ಆರಕ್ಕೆ ಹೆಣ್ಣುಮಗು ಹುಟ್ಟಿತು.

ಮಾರನೆಯ ದಿನ ನಾಗಲಕ್ಷ್ಮಿ ಬಂದರು. "ಇಂಜೆಕ್ಷನ್ ಯಾಕ್ರೀ ಬೇಡ ಅಂದ್ರಿ? ಡಾಕ್ಟ್ರು ನಿನ್ನೆಯೆಲ್ಲಾ ಇಲ್ಲೇ ಇದ್ರು."

ನಿಸರ್ಗ ತಾಯಿಯತ್ತ ನೋಡಿದಳು. ಮಗುವಿನ ಬಟ್ಟೆ ಮಡಚುತ್ತಿದ್ದ ಲಕ್ಕಮ್ಮ ಕೈ ನಿಲ್ಲಿಸಲಿಲ್ಲ.

"ನಿನ್ನ ಎರೋವಾಗ ಕಿರುಚ್ತೀನಿ ಅಂತ ನಮ್ಮತ್ತೆ ಬಾಯ್ಗೆ ಬಟ್ಟೆ ತುರುಕಿದ್ಲು. ಎಲ್ಡು ದಿನ. ಯಾರಾನ ಬಂದು ನಂಗೇನು ಬೇಕು ಅಂತ ಕೇಳಿದ್ರಾ? ನೀನು ಅಲ್ಲಿ ಕೂತು ನಗ್ತಿದ್ದೆ, ಹಲ್ಲು ಕೀಳ್ಸಂಗೆ ಅಂತ. ನನ್ ಒಟ್ಟೆ ಉರೀತು ಕಣೆ."

"ನಾನು ಸಾಯ್ತಿದ್ದೆ ಅವ್ವಾ."

"ಸಾಯ್ಲಿಲ್ವಲ್ಲ."

ನಿಸರ್ಗ ಅಳಲಿಲ್ಲ.

ಮನೆಗೆ ಕಳಿಸುವ ದಿನ ಗಂಡ ದಿಲೀಪ್ ಕಾರು ತಂದ. ಲಕ್ಕಮ್ಮ ಬಾಣಂತಿಗೆಂದು ತಂದಿದ್ದ ಬೆಳ್ಳುಳ್ಳಿ, ಬೆಲ್ಲ, ತುಪ್ಪದ ಚೀಲ ಹಿಡಿದು ಹಿಂದಿನ ಬಾಗಿಲಿಗೆ ಕೈಹಾಕಿದಳು. ನಿಸರ್ಗ ಒಳಗಿನಿಂದ ಚಿಲಕ ಒತ್ತಿದಳು.

"ರೀ, ದುದ್ದಕ್ಕೆ ಹೋಗೋಣ."

"ಬಾಣಂತನ?" ದಿಲೀಪ್ ತಬ್ಬಿಬ್ಬಾದ.

"ನಿಮ್ಮಮ್ಮ ಮಾಡ್ಲಿ. ಇಲ್ದಿದ್ರೆ ನಾನೇ ಮಾಡ್ಕೋತೀನಿ."

ಲಕ್ಕಮ್ಮ ಗಾಜು ಬಡಿದಳು. "ಲೇ, ನೀರಾಕೋರು ಯಾರೇ? ಮಗೀಗೆ ಎಣ್ಣೆ ಒತ್ತೋರು ಯಾರೇ? ನಾನ್ ಏನಂತ ಓಗ್ಲಿ ಊರ್ಗೆ?"

ನಿಸರ್ಗ ಗಾಜನ್ನು ಒಂದು ಬೆರಳಷ್ಟು ಇಳಿಸಿದಳು.

"ಮಗಳು ಬ್ಯಾಡ ಅಂದ್ಲು ಅನ್ನು," ಎಂದು ಗಾಜು ಏರಿಸಿದಳು.

ಕಾರು ಗೇಟು ದಾಟಿತು. ಲಕ್ಕಮ್ಮ ಚೀಲ ಹೊತ್ತುಕೊಂಡು ಕೊಣನೂರಿನ ಬಸ್ಸು ಹಿಡಿಯಲು ನಡೆದಳು.