ಕಲಂ ಮೇಡಂ ವಜಾ ಆದದ್ದು

ಸಂವಿಧಾನದ ಮೇಲೆ ಅವರು ಬರೆದ ಪುಸ್ತಕಗಳನ್ನು ಪೇರಿಸಿಟ್ಟರೆ ಅವರ ಸೊಂಟಕ್ಕೆ ಬರುತ್ತಿದ್ದವು. ನ್ಯಾಯಾಧೀಶರೂ ತೀರ್ಪು ಬರೆಯುವ ಮೊದಲು ಅವನ್ನು ತಿರುವಿ ನೋಡುತ್ತಿದ್ದರಂತೆ. ಆದರೆ ತಮ್ಮದೇ ಕಾನೂನು ಕಾಲೇಜಿನಲ್ಲಿ ಅವರು ಬರೀ 'ಕಲಂ ಮೇಡಂ'. ಯಾರು ಏನೇ ಕೇಳಲಿ, 'ಯಾವ ಕಲಂ ಪ್ರಕಾರ?' ಎನ್ನುವುದು ಅವರ ಚಾಳಿ.

ಕಾಲೇಜಿನ ನಿಯಮಾವಳಿ ಬರೆದವರೂ ಅವರೇ. ಆಗ ಇನ್ನೂ ಎಳೆಯ ಉಪನ್ಯಾಸಕಿ. ಆಗಿನ ಡೀನ್ ಮಾತೆತ್ತಿದರೆ ರಾಜೀನಾಮೆಯ ಬೆದರಿಕೆ ಹಾಕುತ್ತಿದ್ದರು. ಆ ಆಟಕ್ಕೆ ಮೂಗುದಾರ ಹಾಕಲೆಂದು, ಹೊಸ ಡೀನ್ ಬರುವ ತನಕ ಹಳಬರು ಹುದ್ದೆ ಬಿಡುವಂತಿಲ್ಲ ಎಂದು ಬರೆದರು. ಇನ್ನೊಂದು ಕಡೆ, ಹುದ್ದೆ ಖಾಲಿಯಾಗದೆ ಹೊಸಬರನ್ನು ಆರಿಸುವಂತಿಲ್ಲ ಎಂದೂ ಬರೆದರು. ಹಳೆಯ ಡೀನ್ ಕುರ್ಚಿಯಲ್ಲೇ ತೀರಿಕೊಂಡಿದ್ದರಿಂದ ತೊಡಕು ಯಾರ ಕಣ್ಣಿಗೂ ಬೀಳಲಿಲ್ಲ.

ಈಗ ಸ್ವತಃ ಡೀನ್ ಆಗಿ, ತಲೆಯೆಲ್ಲ ಹಣ್ಣಾಗಿ, ಸಾಕಪ್ಪ ಎಂದು ರಾಜೀನಾಮೆ ಕೊಡಹೋದರೆ ಉಪಡೀನ್ ಕಣ್ಣರಳಿಸಿದ. ಅವರ ಕೈಯಲ್ಲೇ ಕಲಿತ ಶಿಷ್ಯ.

"ಮೇಡಂ, ನೀವು ಹೋಗೋ ಹಾಗೇ ಇಲ್ಲ. ಎಂಥಾ ಬೀಗ ಜಡಿದಿದ್ದೀರಿ ನೋಡಿ!"

ಒಂದು ಗಳಿಗೆ ಅವರಿಗೂ ಹೆಮ್ಮೆಯಾಯಿತು. ಆಮೇಲೆ ಬೀಗದ ಒಳಗಿರುವುದು ತಾವೇ ಎಂದು ಹೊಳೆಯಿತು.

"ಅದೇನು ಕಾಲೇಜೋ ಇಲಿಬೋನೋ?" ಎಂದ ಮನೆಯಲ್ಲಿ ಗಂಡ. ಪಾಪ, ಹೆಂಡತಿಯ ಜೊತೆ ಊರೂರು ಸುತ್ತಬೇಕೆಂದು ಕಾರು ತೊಳೆಸಿಟ್ಟು ಕಾಯುತ್ತಿದ್ದ.

"ದುರ್ನಡತೆ ಅಂತ ವಜಾ ಮಾಡಿದ್ರೆ ಮಾತ್ರ ಕುರ್ಚಿ ಖಾಲಿ."

"ಹಾಗಾದ್ರೆ ಕೆಟ್ಟೋಗು ಮಾರಾಯ್ತಿ, ಯಾರು ಬೇಡ ಅಂದ್ರು?"

ಕೆಡಲು ಹೊರಟರು. ಅದಾದರೂ ಸುಲಭವೇ? ಮೇಜಿನ ಮೇಲೆ ಕಾಲು ಚಾಚಿ ಕೂತರು. ಅದು ಡೀನರ ವಿವೇಚನೆಗೆ ಬಿಟ್ಟದ್ದೆಂದು ಉಪಡೀನ್ ಮೇಡಂ ಬರೆದ ಪುಸ್ತಕವನ್ನೇ ಎತ್ತಿ ಹೇಳಿದ. ಗ್ರಂಥಾಲಯದಲ್ಲಿ ಸಿಳ್ಳೆ ಹೊಡೆದರು. ಅಭಿವ್ಯಕ್ತಿ ಸ್ವಾತಂತ್ರ್ಯ ಎಂದು ಹುಡುಗರು ಚಪ್ಪಾಳೆ ತಟ್ಟಿದರು. ಪ್ರಾಧ್ಯಾಪಕರ ಸಭೆಯಲ್ಲಿ ಗೊರಕೆ ಹೊಡೆದರು; ಅರ್ಧ ಸಭೆ ಆಗಲೇ ಹೊಡೆಯುತ್ತಿದ್ದುದರಿಂದ ಯಾರಿಗೂ ಕೇಳಿಸಲೇ ಇಲ್ಲ.

ಸೋತು ಸುಣ್ಣವಾಗಿ, ಹಸಿವೂ ಆಗಿ, ಒಂದು ಮಧ್ಯಾಹ್ನ ಸಿಬ್ಬಂದಿ ಕೋಣೆಯ ಫ್ರಿಜ್ ತೆರೆದರು. ಡಬ್ಬಿಯೊಂದರಲ್ಲಿ ಕೇಕಿತ್ತು. ಯೋಚನೆಯಲ್ಲೇ ತಿನ್ನುತ್ತ ಹೋದರು. ಕೊನೆಯ ತುಣುಕು ಬಾಯಿಗೆ ಬೀಳುವುದಕ್ಕೂ ಉಪಡೀನ್ ಒಳಗೆ ಬರುವುದಕ್ಕೂ ಸರಿಹೋಯಿತು.

"ಅದು ನಂದು! ನಮ್ಮಮ್ಮ ಮಾಡಿಕೊಟ್ಟಿದ್ದು!"

"ಗೊತ್ತಾಗಲಿಲ್ಲ ಕಣಪ್ಪಾ..."

"ಡಬ್ಬಿ ಮೇಲೆ ಇಷ್ಟುದ್ದ ಹೆಸರು ಬರೆದಿದೀನಿ!"

"ಅಲ್ಲ, ಹಾಗೆ ನೋಡಿದ್ರೆ, ಸಾಮೂಹಿಕ ಫ್ರಿಜ್‌ನಲ್ಲಿ ಇಟ್ಟ ಆಸ್ತಿ ಯಾವ ಕಲಂ ಪ್ರಕಾರ..."

"ಕಲಮ್ಮೂ ಬೇಡ, ಗಿಲಮ್ಮೂ ಬೇಡ!" ಎಂದು ಶಿಷ್ಯ ಖಾಲಿ ಡಬ್ಬಿ ಕಿತ್ತುಕೊಂಡ.

ಅಂದೇ ತುರ್ತು ಸಭೆ. ಆ ಫ್ರಿಜ್‌ನಲ್ಲಿ ಊಟ ಕಳೆದುಕೊಂಡಿರದವರು ಕಾಲೇಜಿನಲ್ಲಿ ಯಾರಿದ್ದರು? ಹಳೆಯ ಸಿಟ್ಟೆಲ್ಲ ಒಟ್ಟಾಗಿ ಎದ್ದು ಬಂತು. ವಜಾ ಮಾಡಿ ಎಂದು ಎಲ್ಲ ಕೈಗಳೂ ಮೇಲೆ ಹೋದವು. ಖುಷಿ ತಡೆಯಲಾರದೆ ಕಲಂ ಮೇಡಂ ಕೂಡ ಕೈ ಎತ್ತಿದರು. ಆರೋಪಿಗೆ ಮತವಿಲ್ಲ ಎಂದು ಯಾರೋ ಅಂದದ್ದೇ ತಡ, ಹಾಗೆಂದು ಎಲ್ಲಿ ಬರೆದಿದೆ ಎಂದು ವಾದಕ್ಕೇ ನಿಂತುಬಿಟ್ಟರು. ಇನ್ನೇನು ವಾದದ ಭರದಲ್ಲಿ ಮತದಾನವೇ ಅಸಿಂಧು ಎಂದು ಸಾಧಿಸಿ ಇಡೀ ತೀರ್ಮಾನವನ್ನೇ ಕೆಡಿಸುವವರಿದ್ದರು, ಅಷ್ಟರಲ್ಲಿ ಗಂಡ ಹೊರಗೆ ಹಾರ್ನ್ ಹೊಡೆದ.

ಕಾರಿನಲ್ಲಿ ಕೂತ ಹೆಂಡತಿಯ ಮುಖವನ್ನು ಅವನು ಬಗ್ಗಿ ನೋಡಿದ.

"ಗಲ್ಲದ ಮೇಲೆ ಏನೇ ಅದು, ಕ್ರೀಮಾ?"

"ಸಾಕ್ಷ್ಯ," ಎಂದು ಅವರು ಬೆರಳಿನಿಂದ ಒರೆಸಿ ನೆಕ್ಕಿಕೊಂಡರು. "ಗಾಡಿ ಬಿಡಿ, ಇವರು ಮೇಲ್ಮನವಿ ಗೀಲ್ಮನವಿ ಅನ್ನೋದರೊಳಗೆ."